ನಿಸಾರ್ ಉಪಗ್ರಹ

ನಿಸಾರ್ ಭೂಮಿಯ ಮೇಲ್ಮೈಯಲ್ಲಿ ಉಂಟಾಗುವ ಬದಲಾವಣೆಗಳನ್ನು ರೇಡಾರ್ ಅಲೆಗಳ ನೆರವಿನಿಂದ ಅಳೆಯುವ ಕೃತಕ ಉಪಗ್ರಹವಾಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ) ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಇದನ್ನು ಜಂಟಿಯಾಗಿ ನಿರ್ಮಿಸಿವೆ. 'ನಾಸಾ-ಇಸ್ರೋ ಸಿಂಥೆಟಿಕ್ ಅಪರ್ಚರ್ ರೇಡಾರ್' ಎಂಬುದರ ಹ್ರಸ್ವರೂಪವೇ ನಿಸಾರ್. 2025ರ ಜುಲೈ 30ರಂದು ಶ್ರೀಹರಿಕೋಟಾದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಿಂದ ಜಿಎಸ್‌ಎಲ್‌ವಿ-ಎಫ್16 ರಾಕೆಟ್ ಇದನ್ನು ಕಕ್ಷೆಗೆ ಸೇರಿಸಿತು. ಎಲ್ ಮತ್ತು ಎಸ್ ಎಂಬ ಎರಡು ಬ್ಯಾಂಡುಗಳ ರೇಡಾರುಗಳನ್ನು ಒಟ್ಟಿಗೆ ಹೊತ್ತಿರುವುದು ಇದರ ವೈಶಿಷ್ಟ್ಯ.

ಹಿನ್ನೆಲೆ

ಸಾಮಾನ್ಯ ದೂರಸಂವೇದಿ ಉಪಗ್ರಹಗಳು ಸೂರ್ಯನ ಬೆಳಕಿನಲ್ಲಿ ಚಿತ್ರ ತೆಗೆಯುತ್ತವೆ. ರಾತ್ರಿಯಲ್ಲಾಗಲಿ, ಮೋಡ ಕವಿದಾಗಲಾಗಲಿ ಅವುಗಳಿಗೆ ನೆಲ ಕಾಣಿಸದು. ರೇಡಾರ್ ಉಪಗ್ರಹವು ತಾನೇ ಅಲೆಗಳನ್ನು ಕಳುಹಿಸಿ, ನೆಲದಿಂದ ಮರಳುವ ಪ್ರತಿಧ್ವನಿಯನ್ನು ದಾಖಲಿಸುವುದರಿಂದ ಅದಕ್ಕೆ ಈ ತೊಡಕುಗಳಿಲ್ಲ. 1978ರಲ್ಲಿ ನಾಸಾ ಹಾರಿಸಿದ ಸೀಸ್ಯಾಟ್ ಈ ಬಗೆಯ ರೇಡಾರನ್ನು ಹೊತ್ತ ಆರಂಭದ ನಾಗರಿಕ ಉಪಗ್ರಹ. 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಎಂಬಲ್ಲಿ ಸಂಭವಿಸಿದ ಭೂಕಂಪದಲ್ಲಿ ನೆಲ ಸರಿದ ಬಗೆಯನ್ನು ಯುರೋಪಿನ ಇಆರ್‌ಎಸ್-1 ಉಪಗ್ರಹದ ದತ್ತಾಂಶದಿಂದ ನಕ್ಷೆಗೆ ಇಳಿಸಲಾಯಿತು. ನೆಲದ ಚಲನೆಯನ್ನು ಬಾಹ್ಯಾಕಾಶದಿಂದಲೇ ಅಳೆಯಬಹುದೆಂಬುದಕ್ಕೆ ಇದು ಪ್ರಮುಖ ನಿದರ್ಶನವಾಯಿತು. ಭಾರತವು 2012ರಲ್ಲಿ ಸ್ವದೇಶಿ ರೇಡಾರ್ ಉಪಗ್ರಹವಾದ ರಿಸ್ಯಾಟ್-1 ಅನ್ನು ಹಾರಿಸಿತು.

ನಿಸಾರ್ ಯೋಜನೆಯ ಒಪ್ಪಂದಕ್ಕೆ 2014ರ ಸೆಪ್ಟೆಂಬರ್ 30ರಂದು ಟೊರಾಂಟೊದಲ್ಲಿ ಸಹಿ ಹಾಕಲಾಯಿತು.

ನಿರ್ಮಾಣ

ಎಲ್ ಬ್ಯಾಂಡಿನ ರೇಡಾರ್ ಮತ್ತು ದೊಡ್ಡ ಪ್ರತಿಫಲಕ ನಾಸಾದ ಕೊಡುಗೆಗಳು. ಎಸ್ ಬ್ಯಾಂಡಿನ ರೇಡಾರ್ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ಸಿದ್ಧವಾಯಿತು. ಎರಡೂ ರೇಡಾರುಗಳನ್ನು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಜೋಡಿಸಿ, 2023ರ ಮಾರ್ಚ್‌ನಲ್ಲಿ ವಿಮಾನದ ಮೂಲಕ ಬೆಂಗಳೂರಿಗೆ ತರಲಾಯಿತು. ಅಲ್ಲಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ತಜ್ಞರು ಉಪಗ್ರಹದ ಉಳಿದ ಭಾಗಗಳೊಡನೆ ಅವನ್ನು ಜೋಡಿಸಿ ಪರೀಕ್ಷಿಸಿದರು.

ಉಪಗ್ರಹದ ತೂಕ ಸುಮಾರು 2,400 ಕಿಲೋಗ್ರಾಂ. ಪ್ರತಿಫಲಕದ ವ್ಯಾಸ 12 ಮೀಟರ್. ಚಿನ್ನದ ಲೇಪವಿರುವ ಸೂಕ್ಷ್ಮ ತಂತಿಗಳ ಬಲೆಯಿಂದ ಇದನ್ನು ಮಾಡಲಾಗಿದ್ದು, ಉಡಾವಣೆಯ ವೇಳೆ ಕೊಡೆಯಂತೆ ಮಡಚಿಡಲಾಗಿತ್ತು. 2025ರ ಆಗಸ್ಟ್ 15ರಂದು ಕಕ್ಷೆಯಲ್ಲಿ ಅದು ಬಿಚ್ಚಿಕೊಂಡಿತು.

ಕಾರ್ಯವಿಧಾನ

ಎಲ್ ಬ್ಯಾಂಡ್ ಅಲೆಯ ಉದ್ದ ಸುಮಾರು 24 ಸೆಂಟಿಮೀಟರ್. ಎಸ್ ಬ್ಯಾಂಡಿನದು 9ರಿಂದ 10 ಸೆಂಟಿಮೀಟರ್. ಉದ್ದದ ಅಲೆಗಳು ಕಾಡಿನ ಎಲೆಗಳ ನಡುವೆ ನುಸುಳಿ ಕಾಂಡ ಮತ್ತು ನೆಲವನ್ನು ಮುಟ್ಟಬಲ್ಲವು. ಚಿಕ್ಕ ಅಲೆಗಳು ಹಗುರವಾದ ಸಸ್ಯವರ್ಗದಲ್ಲಿನ ಬದಲಾವಣೆಗಳಿಗೆ ಹೆಚ್ಚು ಸ್ಪಂದಿಸುತ್ತವೆ.

ಇಷ್ಟು ಎತ್ತರದಿಂದ ಸುಮಾರು 10 ಮೀಟರ್ ಗಾತ್ರದ ವಿವರಗಳನ್ನು ನೇರವಾಗಿ ಗುರುತಿಸಲು ಹತ್ತೊಂಬತ್ತು ಕಿಲೋಮೀಟರಿನಷ್ಟು ಅಗಲದ ಆಂಟೆನಾ ಬೇಕಾಗುತ್ತದೆ. ಅದು ಅಸಾಧ್ಯ. ಆದುದರಿಂದ ಉಪಗ್ರಹವು ಚಲಿಸುತ್ತಿರುವಾಗ ಬೇರೆ ಬೇರೆ ಸ್ಥಾನಗಳಲ್ಲಿ ಪಡೆದ ಪ್ರತಿಧ್ವನಿಗಳನ್ನು ಗಣಿತದ ಮೂಲಕ ಒಂದುಗೂಡಿಸಿ, ಬಹು ದೊಡ್ಡ ಆಂಟೆನಾದ ಫಲವನ್ನು ಪಡೆಯಲಾಗುತ್ತದೆ. ಹೆಸರಿನಲ್ಲಿರುವ 'ಸಿಂಥೆಟಿಕ್ ಅಪರ್ಚರ್' ಎಂಬ ಪದಗಳು ಈ ವಿಧಾನವನ್ನು ಸೂಚಿಸುತ್ತವೆ.

ನೆಲದ ಚಲನೆಯನ್ನು ಅಳೆಯಲು ವ್ಯತಿಕರಣ ವಿಧಾನವನ್ನು ಬಳಸಲಾಗುತ್ತದೆ. ಒಂದೇ ಸ್ಥಳವನ್ನು ಒಂದೇ ಪಥದಿಂದ ಎರಡು ಬಾರಿ ವೀಕ್ಷಿಸಿ, ಮರಳಿದ ಅಲೆಗಳು ತಮ್ಮ ಏರಿಳಿತದ ಯಾವ ಹಂತದಲ್ಲಿದ್ದವು ಎಂಬುದನ್ನು ಹೋಲಿಸಲಾಗುತ್ತದೆ. ಅಲೆಯು ಹೋಗಿ ಬರುವುದರಿಂದ ನೆಲವು ಉಪಗ್ರಹದ ಕಡೆಗೆ 12 ಸೆಂಟಿಮೀಟರ್ ಸರಿದರೆ ಎಲ್ ಬ್ಯಾಂಡಿನಲ್ಲಿ ಒಂದು ಪೂರ್ಣ ಅಲೆಯಷ್ಟು ವ್ಯತ್ಯಾಸ ಕಾಣುತ್ತದೆ. ಅದರ ಚಿಕ್ಕ ಅಂಶವನ್ನೂ ಗುರುತಿಸಬಹುದಾದುದರಿಂದ ಒಂದು ಸೆಂಟಿಮೀಟರಿನಷ್ಟು ಕಿರಿದಾದ ಚಲನೆಯೂ ಅಳತೆಗೆ ಸಿಗುತ್ತದೆ.

ಕಕ್ಷೆ

ನಿಸಾರ್ ಭೂಮಿಯಿಂದ ಸುಮಾರು 747 ಕಿಲೋಮೀಟರ್ ಎತ್ತರದ ಸೂರ್ಯಸ್ಥಿರ ಧ್ರುವೀಯ ಕಕ್ಷೆಯಲ್ಲಿ ಸುತ್ತುತ್ತದೆ. ಒಂದು ಬಾರಿಗೆ 240 ಕಿಲೋಮೀಟರಿಗೂ ಅಗಲವಾದ ಪಟ್ಟಿಯನ್ನು ವೀಕ್ಷಿಸಬಲ್ಲದು. ಪ್ರತಿ 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ. ಉತ್ತರಾಭಿಮುಖ ಮತ್ತು ದಕ್ಷಿಣಾಭಿಮುಖ ಸಂಚಾರಗಳನ್ನು ಒಟ್ಟಾಗಿ ಪರಿಗಣಿಸಿದರೆ ಭೂಭಾಗದ ಬಹುತೇಕ ಸ್ಥಳಗಳು 12 ದಿನಗಳಲ್ಲಿ ಎರಡು ಬಾರಿ ವೀಕ್ಷಣೆಗೆ ಒಳಪಡುತ್ತವೆ.

ಉಪಯೋಗಗಳು

* ಭೂಕಂಪ ಮತ್ತು ಜ್ವಾಲಾಮುಖಿಗಳಿಂದ ನೆಲದಲ್ಲಿ ಆಗುವ ಉಬ್ಬು, ತಗ್ಗು ಮತ್ತು ಸರಿತಗಳ ಅಳತೆ.
* ಅಂತರ್ಜಲವನ್ನು ಅತಿಯಾಗಿ ಮೇಲೆತ್ತುವುದರಿಂದ ಉಂಟಾಗುವ ನೆಲಕುಸಿತದ ಪತ್ತೆ.
* ಅಂಟಾರ್ಕ್ಟಿಕಾ, ಗ್ರೀನ್‌ಲೆಂಡ್ ಮತ್ತು ಹಿಮಾಲಯದ ಹಿಮನದಿಗಳ ಚಲನೆಯ ಅಧ್ಯಯನ.
* ಅರಣ್ಯನಾಶ, ಬೆಳೆಗಳ ಬೆಳವಣಿಗೆ ಮತ್ತು ಮಣ್ಣಿನ ತೇವಾಂಶದ ಅಂದಾಜು.
* ನೆರೆಹಾವಳಿಯ ಸಮಯದಲ್ಲಿ ಮುಳುಗಡೆಯಾದ ಪ್ರದೇಶಗಳ ನಕ್ಷೆ ತಯಾರಿಕೆ.

ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಿರುವ ಪಶ್ಚಿಮ ಘಟ್ಟದಂತಹ ಪ್ರದೇಶಗಳಿಗೆ ರೇಡಾರ್ ವೀಕ್ಷಣೆ ವಿಶೇಷವಾಗಿ ಪ್ರಯೋಜನಕಾರಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದುದೂ ಇಂತಹ ಮಳೆಗಾಲದಲ್ಲೇ. ನೆರವು ತುರ್ತಾಗಿ ಬೇಕಾದ ದಿನಗಳಲ್ಲಿಯೇ ಸಾಮಾನ್ಯ ಉಪಗ್ರಹ ಚಿತ್ರಗಳು ದೊರೆಯುವುದು ಕಷ್ಟ.

ಮಿತಿಗಳು

ನಿಸಾರ್ ಭೂಕಂಪವನ್ನು ಮುಂಚಿತವಾಗಿ ಹೇಳಲಾರದು. ಅದು ನೆಲದಲ್ಲಿ ಆದ ಚಲನೆಯನ್ನು ಮಾತ್ರ ಅಳೆಯುತ್ತದೆ. ನಿಧಾನವಾಗಿ ಜಾರುವ ಇಳಿಜಾರುಗಳನ್ನು ಗುರುತಿಸಬಹುದಾದರೂ, ಕೆಲವೇ ಗಂಟೆಗಳ ಮಳೆಗೆ ಹಠಾತ್ತನೆ ಕುಸಿಯುವ ಗುಡ್ಡದ ಬಗ್ಗೆ ಮುನ್ನೆಚ್ಚರಿಕೆ ನೀಡಲು ದಿನಗಳ ಅಂತರದ ವೀಕ್ಷಣೆ ಸಾಲದು. ಕಡಿದಾದ ಬೆಟ್ಟಗಳ ಮರೆಯಲ್ಲಿರುವ ಭಾಗಗಳು ರೇಡಾರಿಗೆ ಕಾಣಿಸದೆ ಹೋಗಬಹುದು. ವಾತಾವರಣದ ನೀರಾವಿಯು ಅಲೆಗಳನ್ನು ತಡಮಾಡಿ ಅಳತೆಯಲ್ಲಿ ದೋಷ ತರುತ್ತದೆ. ಆದ್ದರಿಂದ ಅನೇಕ ವೀಕ್ಷಣೆಗಳನ್ನು ಹೋಲಿಸಿ, ನೆಲದ ಮೇಲಿನ ಮಾಪನಗಳೊಡನೆ ತಾಳೆ ನೋಡಬೇಕಾಗುತ್ತದೆ.

ದತ್ತಾಂಶ

ನಿಸಾರ್ ದತ್ತಾಂಶವನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುವುದು ಯೋಜನೆಯ ನೀತಿಯಾಗಿದೆ. ಸಾಮಾನ್ಯವಾಗಿ ವೀಕ್ಷಣೆಯ ಒಂದೆರಡು ದಿನಗಳಲ್ಲಿ, ವಿಪತ್ತಿನ ಸಂದರ್ಭದಲ್ಲಿ ಕೆಲವೇ ಗಂಟೆಗಳಲ್ಲಿ ಅದನ್ನು ನೀಡುವ ಉದ್ದೇಶವಿದೆ. ಭಾರತದಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಇದರ ಹೊಣೆ ಹೊತ್ತಿದೆ. ಉಪಗ್ರಹದ ಮೊದಲ ರೇಡಾರ್ ಚಿತ್ರಗಳನ್ನು ನಾಸಾ 2025ರ ಸೆಪ್ಟೆಂಬರ್ 25ರಂದು ಪ್ರಕಟಿಸಿತು. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿರುವ ಮೌಂಟ್ ಡೆಸರ್ಟ್ ದ್ವೀಪದ ಚಿತ್ರ ಅವುಗಳಲ್ಲಿ ಒಂದು.