ಲಾರಿಗಳ ಎಂಜಿನ್ ತಾಪಮಾನ ಸೆನ್ಸರ್ ಮಾರ್ಪಾಡು: ವಾಹನ ಮಾಲೀಕರಿಗೆ ಮಾಹಿತಿ

1. ಸೆನ್ಸರಿನ ಕಾರ್ಯ
ಕೂಲೆಂಟಿನ ಬಿಸಿ ಏರಿದಂತೆ ಸೆನ್ಸರಿನ ವಿದ್ಯುತ್ ರೋಧವು ಇಳಿಯುತ್ತದೆ. ಇದನ್ನು ಆಧರಿಸಿ ಎಂಜಿನ್ ನಿಯಂತ್ರಣ ಘಟಕವು ಡೀಸೆಲ್ ಪೂರೈಕೆಯ ಪ್ರಮಾಣ ಹಾಗೂ ಸಮಯವನ್ನು ಸರಿಹೊಂದಿಸುತ್ತದೆ. ತಾಪವು ಮಿತಿಮೀರಿದಲ್ಲಿ ಚಾಲಕರನ್ನು ಎಚ್ಚರಿಸುತ್ತದೆ.

2. ಮಾರ್ಪಾಡಿನ ಪರಿಣಾಮ
ಎಳೆಯುವ ಶಕ್ತಿ ಹೆಚ್ಚುವುದೆಂಬ ನಂಬಿಕೆಯಿಂದ ಸೆನ್ಸರಿನ ತಂತಿಗೆ ರೆಸಿಸ್ಟರ್ ಜೋಡಿಸಿದಲ್ಲಿ, ಬಿಸಿಯಾದ ಎಂಜಿನ್ ಸಹ ಘಟಕಕ್ಕೆ ತಣ್ಣಗಿರುವಂತೆ ತೋರುತ್ತದೆ. ಇದರಿಂದ ಇಂಧನ ವ್ಯಯ ಹಾಗೂ ಮಾಲಿನ್ಯ ಹೆಚ್ಚಬಹುದು. ಪೂರ್ಣ ಭಾರದೊಡನೆ ಘಾಟಿ ಏರುವಾಗ ಎಚ್ಚರಿಕೆ ದೊರೆಯುವ ಮೊದಲೇ ಹೆಡ್ ಗ್ಯಾಸ್ಕೆಟ್ ಕೆಟ್ಟು, ವಾಹನವು ರಸ್ತೆಯ ನಡುವೆ ನಿಲ್ಲುವ ಸಂಭವವಿರುತ್ತದೆ. ಯಾಂತ್ರಿಕ ಡೀಸೆಲ್ ಪಂಪ್ ಉಳ್ಳ ಹಳೆಯ ಲಾರಿಗಳಲ್ಲಿ ಸೆನ್ಸರ್ ಸಾಮಾನ್ಯವಾಗಿ ತಾಪಮಾಪಕವನ್ನಷ್ಟೇ ನಡೆಸುವುದರಿಂದ ಯಾವುದೇ ಪ್ರಯೋಜನವಿರುವುದಿಲ್ಲ.

3. ಕಾನೂನಿನ ಉಪಬಂಧಗಳು
ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಮೂಲಕ ಈ ಕೆಳಕಂಡ ದಂಡನೆಗಳನ್ನು ವಿಧಿಸಲಾಗಿದೆ:
(ಅ) ಕಲಂ 182ಎ(4): ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ಜುಲ್ಮಾನೆ, ಅಥವಾ ಎರಡೂ.
(ಆ) ಕಲಂ 190(2): ವಾಯುಮಾಲಿನ್ಯ ಮಾನಕಗಳನ್ನು ಉಲ್ಲಂಘಿಸುವ ವಾಹನವನ್ನು ಚಲಾಯಿಸಿದಲ್ಲಿ, ಮೊದಲ ಅಪರಾಧಕ್ಕೆ 3 ತಿಂಗಳವರೆಗೆ ಕಾರಾವಾಸ, ಅಥವಾ ರೂ. 10,000ದವರೆಗೆ ಜುಲ್ಮಾನೆ, ಅಥವಾ ಎರಡೂ. ಜೊತೆಗೆ 3 ತಿಂಗಳ ಕಾಲ ಚಾಲನಾ ಅನುಜ್ಞಾಪತ್ರ ಹೊಂದಲು ಅನರ್ಹತೆ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು
ಸರಕು ಸಾಗಣೆ ವಾಹನಗಳ ಅರ್ಹತಾ ಪತ್ರವನ್ನು 8 ವರ್ಷಗಳವರೆಗೆ 2 ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸಿಕೊಳ್ಳತಕ್ಕದ್ದು. ತಪಾಸಣೆಗೆ ಹಾಜರುಪಡಿಸುವ ಮುನ್ನ ಜೋಡಿಸಿದ ರೆಸಿಸ್ಟರನ್ನು ತೆಗೆಸಿ, ಕೆಟ್ಟ ಸೆನ್ಸರಿಗೆ ಬದಲಾಗಿ ತಯಾರಕರು ಸೂಚಿಸಿದ ಸೆನ್ಸರನ್ನೇ ಅಳವಡಿಸತಕ್ಕದ್ದು. ಎಳೆಯುವ ಶಕ್ತಿ ಕುಂದಿದ್ದಲ್ಲಿ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ರೇಡಿಯೇಟರ್ ಹಾಗೂ ಥರ್ಮೋಸ್ಟಾಟ್‌ಗಳನ್ನು ಪರೀಕ್ಷಿಸುವುದು ಸೂಕ್ತ.