ಶಾಲೆಯ ಊಟ ಮತ್ತು ಬಡತನದ ಅಳತೆ

1946ರ ಜೂನ್ 4ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ನರು ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಶಾಲಾ ಭೋಜನ ಶಾಸನಕ್ಕೆ ಅಂಕಿತವಿತ್ತರು. ಮಕ್ಕಳ ಆರೋಗ್ಯರಕ್ಷಣೆ ಅದರ ಒಂದು ಉದ್ದೇಶ. ದೇಶದ ಕೃಷಿ ಉತ್ಪನ್ನಗಳಿಗೆ ಬಳಕೆ ಒದಗಿಸುವುದು ಇನ್ನೊಂದು. ಬೆಲೆ ತೆರಲಾರದ ಮಕ್ಕಳಿಗೆ ಉಚಿತವಾಗಿಯೋ ರಿಯಾಯಿತಿಯಿಂದಲೋ ಊಟವಿಕ್ಕಬೇಕೆಂದು ಶಾಸನ ವಿಧಿಸಿತಾದರೂ, ಅಂಥವರು ಯಾರೆಂಬುದನ್ನು ಸ್ಥಳೀಯ ಶಾಲಾಧಿಕಾರಿಗಳ ವಿವೇಚನೆಗೆ ಬಿಟ್ಟಿತು. ಹೀಗಾಗಿ ಒಂದೂರಿನ ಬಡವ ಇನ್ನೊಂದೂರಿನಲ್ಲಿ ಬಡವನಲ್ಲವೆನಿಸುವುದು ಸಾಧ್ಯವಾಯಿತು. 1970ರ ತಿದ್ದುಪಡಿ ದೇಶಕ್ಕೆಲ್ಲ ಏಕರೂಪದ ನಿಯಮವನ್ನು ತಂದಿತು. ಉಚಿತವಾಗಿ ಉಣ್ಣುವ ಮಗುವನ್ನು ಬೇರೆ ಚೀಟಿಯಿಂದಾಗಲಿ ಬೇರೆ ಸಾಲಿನಿಂದಾಗಲಿ ಎತ್ತಿ ತೋರಿಸಬಾರದೆಂದೂ ಕಟ್ಟುಮಾಡಿತು. 1981ರಲ್ಲಿ ಮೇರೆಗಳು ಖಚಿತವಾದವು: ಕುಟುಂಬದ ವರಮಾನ ಸರಕಾರದ ಬಡತನ ಪ್ರಮಾಣದ ಶೇಕಡ 130ರೊಳಗಿದ್ದರೆ ಊಟ ಉಚಿತ, 185ರೊಳಗಿದ್ದರೆ ರಿಯಾಯಿತಿ, ಗರಿಷ್ಠ ಬೆಲೆ 40 ಸೆಂಟು.

ಊಟಕ್ಕಾಗಿ ಹುಟ್ಟಿದ ಈ ಪಟ್ಟಿ ಕ್ರಮೇಣ ಅಳತೆಗೋಲಾಯಿತು. 1965ರ ಶಿಕ್ಷಣ ಶಾಸನವು ಬಡಮಕ್ಕಳಿಗೆಂದು ಹಣ ತೆಗೆದಿರಿಸಿತು. ಅದನ್ನು ಶಾಲೆಗಳಿಗೆ ಹಂಚಲು ಆಧಾರವೊಂದು ಬೇಕಿತ್ತು. ಜನಗಣತಿ ಹತ್ತು ವರ್ಷಕ್ಕೊಮ್ಮೆ ಬರುವುದು. ಊಟದ ಪಟ್ಟಿಯಾದರೋ ವರ್ಷವರ್ಷವೂ ಪ್ರತಿಯೊಂದು ಶಾಲೆಯಲ್ಲಿಯೂ ಸಿದ್ಧವಿರುವುದು. ಆದ್ದರಿಂದ ಹಣ ಹಂಚುವವರೂ ಸಂಶೋಧಕರೂ ಅದನ್ನೇ ನೆಚ್ಚಿದರು. ಆದರೆ ಬಡತನ ರೇಖೆಯ ಮೇಲಿನವರೂ ಆ ಪಟ್ಟಿಯಲ್ಲಿದ್ದರು. ನಾಚಿಕೆಯಿಂದ ಅರ್ಜಿ ಹಾಕದ ದೊಡ್ಡ ತರಗತಿಯ ಮಕ್ಕಳು ಹೊರಗುಳಿದರು. ಕಡುಬಡವನೂ ಮೇರೆಗೆ ತುಸುವೇ ಕೆಳಗಿದ್ದವನೂ ಅಲ್ಲಿ ಒಂದೇ ಅಂಕೆಯಾದರು.

2010ರ ಶಾಸನ ಹೊಸ ದಾರಿ ತೆರೆಯಿತು. ಆಹಾರ ನೆರವು ಮೊದಲಾದವುಗಳ ಮೂಲಕ ನೇರವಾಗಿ ಗುರುತಿಸಲ್ಪಟ್ಟ ಮಕ್ಕಳು ಶೇಕಡ 40ರಷ್ಟಿದ್ದರೆ, ಆ ಶಾಲೆ ಅರ್ಜಿಯನ್ನೇ ಕೇಳದೆ ಎಲ್ಲರಿಗೂ ಉಚಿತವಾಗಿ ಬಡಿಸಬಹುದಾಯಿತು. 2014ರಲ್ಲಿ ಈ ಅವಕಾಶ ದೇಶಕ್ಕೆಲ್ಲ ಹಬ್ಬಿತು. 2023ರಲ್ಲಿ ಮಿತಿ ಶೇಕಡ 25ಕ್ಕಿಳಿಯಿತು. ಹಸಿದವನಿಗೆ ಇದು ಉಪಕಾರವೇ ಸರಿ. ಆದರೆ ಎಲ್ಲರೂ ಉಣ್ಣುವ ಪಂಕ್ತಿಯಲ್ಲಿ ಬಡವರನ್ನು ಎಣಿಸುವುದು ಅಸಾಧ್ಯ.

ಭಾರತದಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬಿಸಿಯೂಟ ನೀಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಆರಂಭವಾಯಿತು. ಅಲ್ಲಿಯ ಊಟದ ಲೆಕ್ಕ ಹಾಜರಿಯನ್ನು ಹೇಳುವುದೇ ಹೊರತು ಮನೆಯ ವರಮಾನವನ್ನಲ್ಲ. ಅಮೆರಿಕದಲ್ಲಿ ಮಾತ್ರ ಒಂದೇ ಪಟ್ಟಿ ಎರಡು ಕೆಲಸಗಳನ್ನು ಹೊತ್ತಿತು. ಮಗುವಿನ ಮಾನ ಉಳಿಸಲು ಪಟ್ಟಿಯನ್ನು ಕೈಬಿಟ್ಟ ಶಾಲೆಗೆ ನೆರವಿನ ಪಾಲು ತಪ್ಪಬಾರದಾದರೆ, ಬಡತನವನ್ನು ಅಳೆಯುವ ಕೆಲಸ ಊಟದ ಮನೆಯಿಂದ ಹೊರಗೆ ನಡೆಯಬೇಕು.