ಒಂದು ಮಾತಿನ ಮರೆಯಲ್ಲಿ ಜಲಿಯನ್‌ವಾಲಾ ಬಾಗ್

ಇಂಗ್ಲಿಷಿನಲ್ಲಿ ‘ಎರರ್ ಆಫ್ ಜಡ್ಜ್‌ಮೆಂಟ್’ ಎಂಬ ಮಾತೊಂದಿದೆ. ಕನ್ನಡದಲ್ಲಿ ಅದನ್ನು ‘ವಿವೇಚನೆಯಲ್ಲಾದ ತಪ್ಪು’ ಎನ್ನಬಹುದು. ರೋಗದ ಲಕ್ಷಣವನ್ನು ತಪ್ಪಾಗಿ ಗ್ರಹಿಸಿದ ವೈದ್ಯ, ಗಾಳಿಯ ಬಲವನ್ನು ಸರಿಯಾಗಿ ಅಂದಾಜು ಮಾಡದ ಹಡಗಿನ ಕಪ್ತಾನ, ಚೆಂಡು ಬ್ಯಾಟಿಗೆ ತಾಗಿದ್ದನ್ನು ಗಮನಿಸದ ಅಂಪೈರ್ - ಇಂಥವರ ಬಗ್ಗೆ ಬಳಸುವ ಮಾತಿದು. ಇದರೊಳಗೆ ಎರಡು ನಂಬಿಕೆಗಳು ಅಡಗಿವೆ. ಒಂದು, ಆ ವ್ಯಕ್ತಿಯ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಎರಡು, ನಿಜಸ್ಥಿತಿ ಗೊತ್ತಿದ್ದರೆ ಆತ ಹಾಗೆ ಮಾಡುತ್ತಿರಲಿಲ್ಲ. ಆದ್ದರಿಂದ ಇದು ಟೀಕೆಯೂ ಹೌದು, ಅರ್ಧ ಕ್ಷಮೆಯೂ ಹೌದು.

1920ರ ಜುಲೈಯಲ್ಲಿ ಬ್ರಿಟಿಷ್ ಸೇನಾ ಮಂಡಳಿ ಇದೇ ಮಾತನ್ನು ಜನರಲ್ ಡಯರ್ ಬಗ್ಗೆ ಬಳಸಿತು. ಅಮೃತಸರದಲ್ಲಿ ಆತನ ಪರಿಸ್ಥಿತಿ ಕಷ್ಟದ್ದಾಗಿತ್ತು, ಆದರೂ ವಿವೇಚನೆಯ ತಪ್ಪಿನಿಂದ ಆತನನ್ನು ಮುಕ್ತಗೊಳಿಸಲಾಗದು ಎಂಬುದು ಮಂಡಳಿಯ ತೀರ್ಮಾನ.

ಈ ‘ತಪ್ಪು’ ಏನಾಗಿತ್ತು?

ರೌಲತ್ ಕಾಯ್ದೆಯ ವಿರುದ್ಧದ ಚಳವಳಿ ಅಮೃತಸರದಲ್ಲಿ ಹಿಂದೂ, ಮುಸ್ಲಿಮ್, ಸಿಖ್ಖರನ್ನು ಒಂದುಗೂಡಿಸಿತ್ತು. 1919ರ ಏಪ್ರಿಲ್ 9ರ ರಾಮನವಮಿ ಮೆರವಣಿಗೆಯಲ್ಲಿ ಮುಸ್ಲಿಮರೂ ಭಾಗವಹಿಸಿದರು. ಹಿಂದೂ ಮುಸ್ಲಿಮರು ಒಂದೇ ಪಾತ್ರೆಯಿಂದ ನೀರು ಕುಡಿದರು. ಈ ಒಗ್ಗಟ್ಟು ಆಳುವವರ ನಿದ್ದೆಗೆಡಿಸಿತು. ಮರುದಿನವೇ ಜನನಾಯಕರಾದ ಡಾ. ಸೈಫುದ್ದೀನ್ ಕಿಚ್ಲೂ ಮತ್ತು ಡಾ. ಸತ್ಯಪಾಲ್ ಅವರನ್ನು ಬಂಧಿಸಿ ಧರ್ಮಶಾಲೆಗೆ ಸಾಗಿಸಲಾಯಿತು. ಪ್ರತಿಭಟಿಸಿದ ಜನರ ಮೇಲೆ ಗೋಲೀಬಾರ್ ನಡೆಯಿತು. ಕೆರಳಿದ ಗುಂಪು ಐವರು ಯೂರೋಪಿಯನ್ನರನ್ನು ಕೊಂದಿತು.

ಏಪ್ರಿಲ್ 13, ಬೈಸಾಖಿಯ ಸಂಜೆ. ಜಲಿಯನ್‌ವಾಲಾ ಬಾಗಿನಲ್ಲಿ ಸಾವಿರಾರು ಜನ ಸೇರಿದ್ದರು. ಡಯರ್ 50 ಬಂದೂಕುಧಾರಿಗಳೊಂದಿಗೆ ಒಳಹೊಕ್ಕ. ಚದುರಿಹೋಗಿ ಎಂಬ ಒಂದು ಮಾತೂ ಇಲ್ಲದೆ ಗುಂಡು ಹಾರಿಸಲು ಆಜ್ಞೆಯಿತ್ತ. ಸುಮಾರು ಹತ್ತು ನಿಮಿಷಗಳಲ್ಲಿ 1,650 ಗುಂಡುಗಳು ಹಾರಿದವು. ಸರಕಾರದ ಲೆಕ್ಕದಲ್ಲಿ ಸತ್ತವರು 379. ಕಾಂಗ್ರೆಸ್ಸಿನ ವಿಚಾರಣೆಯ ಅಂದಾಜು ಇದಕ್ಕಿಂತ ಎಷ್ಟೋ ಹೆಚ್ಚು. ಗಾಯಾಳುಗಳನ್ನು ಅಲ್ಲೇ ಬಿಟ್ಟು ಸೈನ್ಯ ಹಿಂದಿರುಗಿತು.

ಇದು ವಿವೇಚನೆಯ ತಪ್ಪೋ ಅಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಡಯರ್ ತಾನೇ ಹಂಟರ್ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದ್ದಾನೆ. ಗುಂಡು ಹಾರಿಸುವ ನಿರ್ಧಾರವನ್ನು ದಾರಿಯಲ್ಲೇ ಮಾಡಿದ್ದೆ. ಸಭೆ ನಿಷೇಧದ ಘೋಷಣೆ ಅನೇಕರಿಗೆ ಕೇಳಿಸದೆ ಇದ್ದಿರಬಹುದು. ಗುಂಡಿಲ್ಲದೆಯೂ ಗುಂಪನ್ನು ಚದುರಿಸಬಹುದಿತ್ತು, ಆದರೆ ಅವರು ಮರಳಿ ಬಂದು ನನ್ನನ್ನು ನೋಡಿ ನಗುತ್ತಿದ್ದರು. ಮೆಷಿನ್‌ಗನ್ನಿನ ವಾಹನಗಳು ಒಳಗೆ ಬರುವಂತಿದ್ದರೆ ಪ್ರಾಯಶಃ ಅದನ್ನೂ ಬಳಸುತ್ತಿದ್ದೆ. ಇಡೀ ಪಂಜಾಬಿನ ಮೇಲೆ ಪರಿಣಾಮ ಬೀರುವುದು ನನ್ನ ಉದ್ದೇಶವಾಗಿತ್ತು - ಇದು ಆತನ ಹೇಳಿಕೆಯ ಸಾರ. ಇಲ್ಲಿ ತಪ್ಪು ತಿಳುವಳಿಕೆ ಎಲ್ಲಿದೆ? ಆತನಿಗೆ ಎಲ್ಲವೂ ಗೊತ್ತಿತ್ತು. ಆತ ಬಯಸಿದ್ದೇ ನಡೆಯಿತು.

ಸಮಿತಿಯ ಬಿಳಿಯ ಸದಸ್ಯರು ಇದನ್ನು ‘ಗಂಭೀರ ತಪ್ಪು’ ಎಂದರು. ಚಿಮನ್‌ಲಾಲ್ ಸೆಟಲ್‌ವಾಡ್, ಜಗತ್ ನಾರಾಯಣ್ ಮತ್ತು ಸಾಹಿಬ್‌ಜಾದಾ ಸುಲ್ತಾನ್ ಅಹ್ಮದ್ ಖಾನ್ ಈ ಮೂವರು ಭಾರತೀಯ ಸದಸ್ಯರು ಅದಕ್ಕೆ ಸಹಿ ಹಾಕದೆ ಪ್ರತ್ಯೇಕ ವರದಿ ಕೊಟ್ಟರು. ಅವರ ಪದ ‘ಅಮಾನವೀಯ’. ಘಟನೆ ಒಂದೇ, ಸಾಕ್ಷ್ಯ ಒಂದೇ, ಬೇರೆಯಾದದ್ದು ಪದ. ಯಾವ ಪದ ಗೆದ್ದಿತೆಂಬುದರ ಮೇಲೆ ನ್ಯಾಯ ನಿಂತಿತು. ಡಯರ್‌ಗೆ ಮುಂದೆ ಹುದ್ದೆಯಿಲ್ಲ ಎಂದಷ್ಟೇ ಆಯಿತು. ಆತನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅಷ್ಟು ಸಣ್ಣ ಕ್ರಮವೂ ಅನ್ಯಾಯವೆಂದು ಹೌಸ್ ಆಫ್ ಲಾರ್ಡ್ಸ್ 129-86 ಮತಗಳಿಂದ ಆತನ ಪರ ನಿಂತಿತು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಆತನಿಗಾಗಿ 26,000 ಪೌಂಡಿಗೂ ಹೆಚ್ಚು ನಿಧಿ ಸಂಗ್ರಹಿಸಿತು.

ತಪ್ಪಿಗೂ ಅಪರಾಧಕ್ಕೂ ನಡುವಿನ ಗೆರೆ ಹೊಸತೇನಲ್ಲ. ಪ್ರಾಮಾಣಿಕವಾಗಿ ಪರಿಶ್ರಮಪಟ್ಟು ತೀರ್ಪು ನೀಡುವಾಗ ಎಡವಿದ ನ್ಯಾಯಾಧೀಶನಿಗೂ ಒಂದು ಪ್ರತಿಫಲವಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಪರಿಶ್ರಮ ಅಲ್ಲಿ ಶರತ್ತು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಪ್ರಮಾದದಿಂದಾದ ಹತ್ಯೆಯನ್ನೂ ಉದ್ದೇಶಪೂರ್ವಕ ಹತ್ಯೆಯನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಪ್ರಮಾದದ ಹತ್ಯೆಯಲ್ಲೂ ಸತ್ತವರ ಕುಟುಂಬಕ್ಕೆ ಪರಿಹಾರ ಸಲ್ಲಬೇಕು. ಲಂಡನ್ನಿನ ಸಾರ್ವಜನಿಕರ ದೇಣಿಗೆ ಹರಿದದ್ದು ಕೊಂದವನ ಕಡೆಗೆ.

ನೂರು ವರ್ಷಗಳ ನಂತರ, 2019ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಪ್ರಧಾನಿ ಥೆರೆಸಾ ಮೇ ಆಳವಾದ ವಿಷಾದ ವ್ಯಕ್ತಪಡಿಸಿದರು. ಕ್ಷಮೆ ಕೇಳಲಿಲ್ಲ. ಅಲ್ಲಿಯೂ ಪದವನ್ನು ಅಳೆದು ತೂಗಿಯೇ ಆರಿಸಲಾಗಿತ್ತು.

ಅಧಿಕಾರದಲ್ಲಿರುವವರು ತಮ್ಮ ಕೃತ್ಯಕ್ಕೆ ತಾವೇ ಹೆಸರಿಡುವುದು ಎಲ್ಲ ಕಾಲದ ರೂಢಿ. ಹಿಂಸೆ ನಡೆದಾಗಲೆಲ್ಲ ‘ಅಚಾತುರ್ಯ’, ‘ಅಹಿತಕರ ಘಟನೆ’, ‘ಅಂದಾಜು ತಪ್ಪಿತು’ ಎಂಬ ಮಾತುಗಳು ಕೇಳಿಬರುತ್ತವೆ. ಆಗ ನಾವು ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಮಾಡಿದವನಿಗೆ ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೇ ಮಾಡಿದನೇ? ಉತ್ತರ ಎರಡನೆಯದಾದರೆ ಅದನ್ನು ತಪ್ಪೆಂದು ಕರೆಯುವುದು ಸತ್ತವರಿಗೆ ಮಾಡುವ ಇನ್ನೊಂದು ಅನ್ಯಾಯ.